ಕ್ವಾರಿಯ ಡೀಸೆಲ್‌ಗೆ ಕಣ್ಣಿಗೆ ಕಾಣದ ಗುರುತು ಹಾಕಿದ್ದು ಹೀಗೆ

ಡೀಸೆಲ್ ತುಂಬಿದ ಗಾಜಿನ ಬಾಟಲಿಯನ್ನು ಕತ್ತಲೆ ಕೋಣೆಗೆ ಒಯ್ದು ಯುವಿ ಟಾರ್ಚ್ ಬಿಟ್ಟು ನೋಡಿ. ಯಾರೂ ಏನೂ ಬೆರೆಸಿರದಿದ್ದರೂ ಅದು ತಿಳಿನೀಲಿಯಾಗಿ ಹೊಳೆಯುತ್ತದೆ. ಕಚ್ಚಾತೈಲದಿಂದಲೇ ಬಂದ ಆರೊಮ್ಯಾಟಿಕ್ ಸಂಯುಕ್ತಗಳು, ಅದರಲ್ಲೂ ಎರಡು ಮೂರು ಉಂಗುರ ಸೇರಿಕೊಂಡಿರುವಂಥವು, ನೇರಳಾತೀತ (ಯುವಿ) ಬೆಳಕನ್ನು ಹೀರಿ ನೀಲಿಯನ್ನು ಹೊರಬಿಡುತ್ತವೆ. ಇದೇ ಪ್ರತಿದೀಪ್ತಿ. ಹೀರಿದ ಬೆಳಕಿಗಿಂತ ಉದ್ದ ತರಂಗಾಂತರದ ಬೆಳಕು ಹೊರಬರುವುದನ್ನು 1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಕ್ವಿನೈನ್ ದ್ರಾವಣ ಇಟ್ಟುಕೊಂಡು ವಿವರಿಸಿದ್ದರು. ಇಂಧನಕ್ಕೆ ಹೊಳೆಯುವ ಗುರುತು ಹಾಕಲು ಹೊರಟವರಿಗೆ ಮೊದಲು ಅಡ್ಡ ಬರುವುದೇ ಈ ನೀಲಿ. ನಾವು ಹಾಕಿದ ಬಣ್ಣ ಎಷ್ಟೇ ಚೆನ್ನಾಗಿ ಹೊಳೆದರೂ ಡೀಸೆಲ್‌ನ ಸ್ವಂತ ಹೊಳಪಿನೊಳಗೆ ಅದು ಮುಳುಗಿಹೋಗುತ್ತದೆ.

ನಾನು ರಸಾಯನಶಾಸ್ತ್ರ ಓದಿ ಬಹಳ ವರ್ಷ ಪ್ರಿಂಟಿಂಗ್ ಇಂಕ್ ತಯಾರಿಕೆಯಲ್ಲಿದ್ದವನು. ಔಷಧಿ ಡಬ್ಬಿ, ಲೇಬಲ್, ಪ್ರವೇಶಪತ್ರಗಳ ಮೇಲೆ ಯುವಿ ದೀಪದಡಿ ಮಾತ್ರ ಕಾಣುವ ಶಾಯಿ ನನ್ನ ಕೆಲಸವಾಗಿತ್ತು. ಆಮೇಲೆ ಪೀಣ್ಯದಲ್ಲಿ ಸ್ವಂತಕ್ಕೆ ಒಂದು ಸಣ್ಣ ಲ್ಯಾಬ್ ಮಾಡಿಕೊಂಡೆ. ಚಿಕ್ಕಬಳ್ಳಾಪುರದ ಕಡೆಯ ಜಲ್ಲಿ ಕ್ರಷರ್ ಮಾಲೀಕರೊಬ್ಬರು ಹುಡುಕಿಕೊಂಡು ಬಂದದ್ದು ಆಗ. ಅವರ ತೊಂದರೆ ಇಷ್ಟು: ಡೀಸೆಲ್ ಟ್ಯಾಂಕರ್ ಲೆಕ್ಕದಲ್ಲಿ ನೇರವಾಗಿ ಕ್ವಾರಿಗೆ ಬರುತ್ತದೆ. ಅಲ್ಲಿಂದ ಬೌಸರ್‌ಗೆ (ಯಂತ್ರಗಳಿಗೆ ಡೀಸೆಲ್ ಹಂಚುವ ಸಣ್ಣ ಟ್ಯಾಂಕರ್ ಗಾಡಿ), ಬೌಸರ್‌ನಿಂದ ಹಿಟಾಚಿ, ಟಿಪ್ಪರ್, ಜನರೇಟರ್‌ಗಳಿಗೆ. ಲೀಟರ್ ಲೆಕ್ಕ ಪುಸ್ತಕದಲ್ಲಿ ಒಂದು ತೊಟ್ಟೂ ಹೆಚ್ಚುಕಡಿಮೆ ಇಲ್ಲ. ಆದರೆ ಕೆಲವು ಹಿಟಾಚಿಗಳಲ್ಲಿ ಇಂಜೆಕ್ಟರ್ ಪದೇಪದೇ ಕೈಕೊಡುತ್ತಿದೆ, ಗಾಡಿ ಎಳೆಯುತ್ತಿಲ್ಲ ಎಂದು ಆಪರೇಟರ್‌ಗಳು ದೂರುತ್ತಿದ್ದಾರೆ. ಲೀಟರ್ ಸರಿಹೋಗಿ ಎಣ್ಣೆ ಮಾತ್ರ ಕೆಟ್ಟಿದೆ ಎಂದರೆ, ತೆಗೆದಷ್ಟನ್ನೇ ಯಾರೋ ಬೇರೇನನ್ನೋ ಸುರಿದು ತುಂಬಿಸುತ್ತಿದ್ದಾರೆ ಎಂದು ಅರ್ಥ.

ಅವರು ಹೈಡ್ರೋಮೀಟರ್ ಇಟ್ಟು ಸಾಂದ್ರತೆ ನೋಡಿಸಿದ್ದರು. ಎಲ್ಲವೂ ಸರಿ ಎಂದೇ ಬಂದಿತ್ತು. ಬರದೆ ಏನು? ಬಿಲ್ಲಿನಲ್ಲಿ ನಮೂದಾದ ಸಾಂದ್ರತೆಗೂ ನಾವು ಅಳೆದು 15 ಡಿಗ್ರಿಗೆ ಪರಿವರ್ತಿಸಿದ ಸಾಂದ್ರತೆಗೂ ಘನ ಮೀಟರಿಗೆ 3 ಕೆ.ಜಿ.ವರೆಗೆ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. 832 ಸಾಂದ್ರತೆಯ ಡೀಸೆಲ್‌ಗೆ 802 ಸಾಂದ್ರತೆಯ ಸೀಮೆಎಣ್ಣೆಯನ್ನು ನೂರಕ್ಕೆ ಹತ್ತು ಪಾಲು ಸೇರಿಸಿ ನೋಡಿ: 829 ಬರುತ್ತದೆ. ಪರೀಕ್ಷೆಯ ಮಿತಿಯೊಳಗೇ ಹತ್ತು ಪಾಲು ಕಲಬೆರಕೆ ನುಸುಳಿ ಹೋಗುತ್ತದೆ. ಕಲಬೆರಕೆ ಮಾಡುವವರಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು.

ಇಂಧನದ ಕಲಬೆರಕೆ ನನಗೆ ಬರೀ ರಸಾಯನಶಾಸ್ತ್ರದ ವಿಷಯವಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದು, ಮೈಸೂರಿನ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್ ಓದಿ, ಲಖನೌ ಐಐಎಂ ಮುಗಿಸಿ ಇಂಡಿಯನ್ ಆಯಿಲ್ ಸೇರಿದ ಮಂಜುನಾಥ್ ಷಣ್ಮುಗಂ ಅವರನ್ನು 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡಿಟ್ಟು ಕೊಂದರು. ಕಲಬೆರಕೆ ಮಾಡುತ್ತಿದ್ದ ಬಂಕ್‌ಗೆ ಬೀಗ ಹಾಕಿಸಿದ್ದೇ ಅವರು ಮಾಡಿದ್ದ ಕೆಲಸ. ಆಗ ಅವರಿಗಿನ್ನೂ 27 ವರ್ಷ. ಮರುವರ್ಷ, 2006ರ ಅಕ್ಟೋಬರ್‌ನಿಂದ, ದೇಶದಲ್ಲಿ ಮಾರಾಟವಾಗುವ ಸೀಮೆಎಣ್ಣೆಗೆ ಕಣ್ಣಿಗೆ ಕಾಣದ ಮಾರ್ಕರ್, ಅಂದರೆ ಗುರುತಿನ ರಾಸಾಯನಿಕ, ಬೆರೆಸುವ ವ್ಯವಸ್ಥೆ ಬಂತು. ಅದಕ್ಕೆ ಮೊದಲು ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆಗೆ ನೀಲಿ ಬಣ್ಣವಿತ್ತು, ಫರ್ಫುರಾಲ್ ಬೆರೆಸಿ ಅನಿಲೀನ್ ಅಸಿಟೇಟ್ ಹಾಕಿದಾಗ ಕೆಂಪೇರುವ ಪರೀಕ್ಷೆಯೂ ಇತ್ತು. ಹೊಸ ಮಾರ್ಕರ್ ಬಂದಾಗ ನಮ್ಮ ಕ್ಷೇತ್ರದ ಎಲ್ಲರೂ ಆಸೆಯಿಂದ ನೋಡಿದೆವು. ಆದರೆ ಜೇಡಿಯಂಥ ಹೀರುವ ಪದಾರ್ಥದ ಮೂಲಕ ಸೋಸಿದರೆ ಅದು ಹೊರಟುಹೋಗುತ್ತದೆ ಎಂದು ಗೊತ್ತಾಗಿ, 2009ರ ಜನವರಿಯಿಂದ ಅದನ್ನು ನಿಲ್ಲಿಸಿದರು.

ಇದು ನಮ್ಮ ದೇಶಕ್ಕೆ ಮಾತ್ರ ಆದದ್ದಲ್ಲ. ಯುರೋಪಿನಲ್ಲಿ ತೆರಿಗೆ ರಿಯಾಯಿತಿಯ ಡೀಸೆಲ್‌ಗೆ 2002ರಿಂದ ಸಾಲ್ವೆಂಟ್ ಯೆಲ್ಲೋ 124 ಎಂಬ ಬಣ್ಣ ಹಾಕುತ್ತಿದ್ದರು. ಐರ್ಲೆಂಡ್‌ನ ಗಡಿಯಲ್ಲಿ ಕಳ್ಳರು ಅದನ್ನು ಹೀರುವ ಜೇಡಿಯಲ್ಲಿ ಸೋಸಿ ತೆಗೆದು, ಉಳಿದ ಕೆಸರನ್ನು ರಸ್ತೆ ಬದಿಯಲ್ಲಿ ಸುರಿದು ಹೋಗುತ್ತಿದ್ದರು. ಅದನ್ನು ಎತ್ತಿ ವಿಲೇವಾರಿ ಮಾಡುವ ಖರ್ಚು ಸ್ಥಳೀಯ ಆಡಳಿತದ ತಲೆಗೆ. 2015ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸುಲಭಕ್ಕೆ ಬೇರ್ಪಡದ ಬೇರೆ ಮಾರ್ಕರ್ ಜಾರಿಗೆ ತಂದವು. 2024ರ ಜನವರಿಯಿಂದ ಯುರೋಪ್ ಒಕ್ಕೂಟವೂ ಹಳೆಯದನ್ನು ಕೈಬಿಟ್ಟು ಬ್ಯುಟಾಕ್ಸಿಬೆಂಜೀನ್‌ಗೆ ಹೋಯಿತು. ಅದು ಗುಣದಲ್ಲಿ ಡೀಸೆಲ್‌ನ ಘಟಕಗಳಿಗೇ ಹತ್ತಿರವಾದ್ದರಿಂದ ಬೇರ್ಪಡಿಸುವುದು ಕಷ್ಟ.

ಈ ಇತಿಹಾಸ ಓದಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು, ಮುಂದಿನ ಕೆಲಸವೆಲ್ಲ ಅದರ ಮೇಲೇ ನಿಂತಿತು. ಇಲ್ಲೆಲ್ಲ ಗುರುತು ಹಾಕಿದ್ದು ಅಗ್ಗದ ಎಣ್ಣೆಗೆ. ಅಗ್ಗದ್ದಕ್ಕೆ ಗುರುತು ಹಾಕಿದರೆ ಕಳ್ಳನಿಗೆ ಅದನ್ನು ತೆಗೆಯುವುದರಲ್ಲಿ ಲಾಭವಿದೆ, ಜೇಡಿ, ಇದ್ದಿಲು, ಆಮ್ಲ ಎಲ್ಲ ಹುಡುಕುತ್ತಾನೆ. ಒಳ್ಳೆಯ ಎಣ್ಣೆಗೇ ಗುರುತು ಹಾಕಿ ಅದು ಎಷ್ಟು ತೆಳುವಾಗಿದೆ ಎಂದು ಅಳೆದರೆ? ಆಗ ಮಾರ್ಕರನ್ನು ತೆಗೆದವನು ತಾನೇ ಸಿಕ್ಕಿಬೀಳುತ್ತಾನೆ. ತಾಂಜಾನಿಯ 2010ರಿಂದ ತೆರಿಗೆ ಕಟ್ಟಿದ ಇಂಧನಕ್ಕೆ ಗುರುತು ಹಾಕುತ್ತಿರುವುದೂ, ಫಿಲಿಪೈನ್ಸ್ 2019ರಲ್ಲಿ ಅದೇ ದಾರಿ ಹಿಡಿದದ್ದೂ ಇದೇ ತರ್ಕದಿಂದ. ಕ್ವಾರಿಯ ಮಟ್ಟಿಗಂತೂ ಇದೇ ಸರಿ. ಹೊರಗಿಂದ ಯಾವ ಎಣ್ಣೆ ತಂದು ಸುರಿಯುತ್ತಾರೋ ನಮಗೆ ಗೊತ್ತಿಲ್ಲ, ಅದಕ್ಕೆ ನಾವು ಗುರುತು ಹಾಕಲಾಗದು. ನಮ್ಮ ಕೈಯಲ್ಲಿರುವುದು ನಮ್ಮ ಡೀಸೆಲ್ ಮಾತ್ರ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇದು ಸ್ವಂತ ಯಂತ್ರಗಳಿಗೆ ಬಳಸುವ, ಮಾರಾಟಕ್ಕಿಲ್ಲದ ಡೀಸೆಲ್‌ನ ಮಾತು. ಬಂಕ್‌ನಲ್ಲಿ ಮಾರುವ ಪೆಟ್ರೋಲ್, ಡೀಸೆಲ್‌ಗೆ ಯಾರೂ ತಮ್ಮಿಷ್ಟಕ್ಕೆ ಏನನ್ನೂ ಬೆರೆಸುವಂತಿಲ್ಲ. ಅದಕ್ಕೆ 2005ರ ನಿಯಂತ್ರಣ ಆದೇಶವಿದೆ, ಐಎಸ್ 1460, ಐಎಸ್ 2796 ಮಾನದಂಡಗಳಿವೆ.

ಇನ್ನು ಬಣ್ಣದ ಆಯ್ಕೆ. ಪೆರಿಲೀನ್, ಕೂಮರಿನ್ ಜಾತಿಯ ಬಣ್ಣಗಳು ಇಂಕ್ ಕೆಲಸದಿಂದ ನನಗೆ ಚೆನ್ನಾಗಿ ಪರಿಚಯ, ಕಣ್ಣು ಕುಕ್ಕುವಂತೆ ಹೊಳೆಯುತ್ತವೆ. ಆದರೆ ಅವು ಹೊಳೆಯುವುದು ನೀಲಿ-ಹಸಿರಿನಲ್ಲಿ, ಡೀಸೆಲ್ ಕೂಡ ಹೊಳೆಯುವುದು ಅಲ್ಲೇ. ಸಾಲದ್ದಕ್ಕೆ ಡೀಸೆಲ್‌ನ ಹೊಳಪು ಎಲ್ಲ ಕಡೆ ಒಂದೇ ಇರುವುದಿಲ್ಲ. ರಿಫೈನರಿ ಬದಲಾದರೆ ಹೊಳಪೂ ಬದಲಾಗುತ್ತದೆ. ಹಾಗಾಗಿ ಡೀಸೆಲ್ ಮೌನವಾಗಿರುವ ಜಾಗಕ್ಕೆ, ಅಂದರೆ ತರಂಗಾಂತರ 700 ನ್ಯಾನೋಮೀಟರಿನ ಆಸುಪಾಸಿಗೆ ಮತ್ತು ಅದರ ಆಚೆಗೆ, ಅವಕೆಂಪಿನ ಅಂಚಿಗೆ ಹೋಗಬೇಕು. ಅಲ್ಲಿ ಹೀರಿ ಅಲ್ಲೇ ಹೊಳೆಯುವ ಬಣ್ಣಗಳೆಂದರೆ ಥಾಲೋಸಯನೀನ್ ಮತ್ತು ಅದರ ದೊಡ್ಡ ಬಂಧು ನ್ಯಾಫ್ತಲೋಸಯನೀನ್.

ಥಾಲೋಸಯನೀನ್ ಎಂದರೆ ಇಂಕ್‌ನವರಿಗೆಲ್ಲ ಗೊತ್ತಿರುವ ಗಾಢ ನೀಲಿ. ಅದರ ಸತು ರೂಪಕ್ಕೆ ಟರ್ಷಿಯರಿ ಬ್ಯುಟೈಲ್ ಗುಂಪುಗಳನ್ನು ಜೋಡಿಸಿದರೆ ಎಣ್ಣೆಯಲ್ಲಿ ಕರಗುತ್ತದೆ, ಸುಮಾರು 675ರಲ್ಲಿ ಬೆಳಕು ಹೀರಿ 690ರ ಆಸುಪಾಸಿನಲ್ಲಿ ಹೊಳೆಯುತ್ತದೆ. ಬೆಲೆಯೂ ಕೈಗೆಟಕುವಂಥದ್ದು. ಆದರೆ ಪತ್ರಹರಿತ್ತು ಹೊಳೆಯುವುದೂ ಅದೇ ಜಾಗದಲ್ಲಿ. ಸಂಸ್ಕರಿಸದ ಆಲಿವ್ ಎಣ್ಣೆಯ ಬಾಟಲಿಗೆ ಹಸಿರು ಲೇಸರ್ ಪಾಯಿಂಟರ್ ಬಿಟ್ಟು ನೋಡಿದರೆ ಒಳಗೆ ಕಿರಣ ಕೆಂಪಾಗಿ ಕಾಣುತ್ತದಲ್ಲ, ಅದಕ್ಕೆ ಕಾರಣ ಪತ್ರಹರಿತ್ತು. ಬಯೋಡೀಸೆಲ್ ಹೆಸರಿನಲ್ಲಿ ಯಾರಾದರೂ ಸರಿಯಾಗಿ ಸಂಸ್ಕರಿಸದ ಸಸ್ಯತೈಲ ಸುರಿದರೆ ಮಾರ್ಕರ್ ಹೆಚ್ಚಾದಂತೆ ಮೀಟರಿನಲ್ಲಿ ಓದು (ರೀಡಿಂಗ್) ಬಂದೀತು. ಕಲಬೆರಕೆಯೇ ಕಲಬೆರಕೆಯನ್ನು ಮುಚ್ಚಿಹಾಕುವ ಇಂಥ ಸಾಧ್ಯತೆ ನನಗೆ ಬೇಡವಾಗಿತ್ತು. ಕೊನೆಗೆ ಸಿಲಿಕಾನ್ ನ್ಯಾಫ್ತಲೋಸಯನೀನ್ ಆರಿಸಿಕೊಂಡೆ. ಅದರ ಮೇಲೂ ಕೆಳಗೂ ಉದ್ದನೆಯ ಹೆಕ್ಸೈಲ್ ಬಾಲಗಳಿರುತ್ತವೆ, ಹಾಗಾಗಿ ಅಣುಗಳು ಒಂದರ ಮೇಲೊಂದು ಪೇರಿಸಿಕೊಂಡು ಕುಳಿತು ಹೊಳಪು ಕಳೆದುಕೊಳ್ಳುವುದಿಲ್ಲ. 775ರ ಆಸುಪಾಸಿನಲ್ಲಿ ಹೀರುತ್ತದೆ, ಅದಕ್ಕಿಂತ ತುಸು ಮುಂದೆ ಹೊಳೆಯುತ್ತದೆ. ಎರಡೂ ನಮ್ಮ ಕಣ್ಣಿನ ಮಿತಿಯ ಆಚೆ. ಕ್ಲೋರಿನ್ ಇಲ್ಲ, ಗಂಧಕ ಇಲ್ಲ, ಇಂಜಿನ್ ದೃಷ್ಟಿಯಿಂದ ಇದು ಮುಖ್ಯ.

ಎಷ್ಟು ಹಾಕಬೇಕು? ಲೀಟರಿಗೆ 0.1 ಮಿಲಿಗ್ರಾಂ ಸಾಕಾಯಿತು. 6,000 ಲೀಟರ್ ಬೌಸರ್‌ಗೆ ಬರೀ 600 ಮಿಲಿಗ್ರಾಂ, ಒಂದು ಚಿಟಿಕೆ ಪುಡಿ. ಹೋಲಿಕೆಗೆ ಹೇಳುವುದಾದರೆ 2020ರಿಂದ ಜಾರಿಯಲ್ಲಿರುವ ಬಿಎಸ್-6 ಡೀಸೆಲ್‌ನಲ್ಲಿ ಕಿಲೋಗೆ 10 ಮಿಲಿಗ್ರಾಂವರೆಗೆ ಗಂಧಕಕ್ಕೆ ಅವಕಾಶವಿದೆ. ನಮ್ಮ ಮಾರ್ಕರ್ ಅದಕ್ಕಿಂತ ಎಂಬತ್ತು ಪಟ್ಟು ಕಡಿಮೆ. ಹೆಚ್ಚು ಹಾಕಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಕೆಲವರಿಗೆ ಅನ್ನಿಸಬಹುದು, ಅದು ಸರಿಯಲ್ಲ. ಸಾಂದ್ರತೆ ಏರಿದಂತೆ ಒಂದು ಅಣು ಬಿಟ್ಟ ಬೆಳಕನ್ನು ಪಕ್ಕದ್ದು ಹೀರಿಕೊಳ್ಳುತ್ತದೆ, ಓದು ನೇರ ಗೆರೆಯಲ್ಲಿ ಏರುವುದು ನಿಂತುಹೋಗುತ್ತದೆ. ನಮಗೆ ಬೇಕಿರುವುದು ನಮ್ಮ ಡೀಸೆಲ್ ನೂರಕ್ಕೆ 100 ಪಾಲು ಇದ್ದರೆ 100, 80 ಪಾಲು ಇದ್ದರೆ 80 ಎಂದು ನೆಟ್ಟಗೆ ಇಳಿಯುವ ಓದು. ಹಾಗಾಗಿ ತೆಳುವಾಗಿದ್ದಷ್ಟೂ ಒಳ್ಳೆಯದು.

ಪುಡಿಯನ್ನು ನೇರವಾಗಿ ಡೀಸೆಲ್‌ಗೆ ಹಾಕಿದರೆ ಅದು ತಳದಲ್ಲಿ ಕೂತುಬಿಡುತ್ತದೆ. ಮೊದಲು ಸಿ-9 ಆರೊಮ್ಯಾಟಿಕ್ ಸಾಲ್ವೆಂಟ್‌ನಲ್ಲಿ, ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ, ಪೂರ್ತಿ ಕರಗಿಸಿ, ಸೂಕ್ಷ್ಮ ಫಿಲ್ಟರ್‌ನಲ್ಲಿ ಸೋಸಿ ಇಡುತ್ತೇನೆ. ಈ ದ್ರಾವಣದ ಒಂದು ಮಿಲಿಲೀಟರ್ 10 ಲೀಟರ್ ಡೀಸೆಲ್‌ಗೆ. ಬೌಸರ್‌ಗೆ ಡೀಸೆಲ್ ತುಂಬಿಸುವಾಗ ಕಾಲುಭಾಗ ತುಂಬಿದ ಮೇಲೆ ದ್ರಾವಣ ಸುರಿದು, ಉಳಿದ ಮುಕ್ಕಾಲನ್ನು ಅದರ ಮೇಲೆ ಬಿಟ್ಟರೆ ರಭಸಕ್ಕೆ ತಾನೇ ಬೆರೆಯುತ್ತದೆ. ಮೊದಲ ಸಲ ಇದನ್ನು ಮಾಡಿದಾಗ ಬೌಸರ್ ಡ್ರೈವರ್ ಗ್ಲಾಸ್‌ನಲ್ಲಿ ಡೀಸೆಲ್ ಹಿಡಿದು ಬಿಸಿಲಿಗೆ ಎತ್ತಿ ನೋಡಿದರು. “ಏನ್ ಸಾರ್, ಏನೂ ಕಾಣಿಸ್ತಾನೇ ಇಲ್ವಲ್ಲ?” ಅಂದರು. ಕಾಣಬಾರದು ಎಂದೇ ಹಾಕಿದ್ದು ಅಂದೆ.

ಓದುವ ಮೀಟರ್ ಮಾಡುವುದರಲ್ಲಿ ನನಗೆ ಸಿಕ್ಕ ಸಂತೋಷ ಈ ಕೆಲಸದ ಬೇರೆ ಯಾವ ಭಾಗದಲ್ಲೂ ಸಿಗಲಿಲ್ಲ. ತತ್ವ ಸರಳ. 735 ನ್ಯಾನೋಮೀಟರ್ ಎಲ್‌ಇಡಿಯ ಬೆಳಕನ್ನು ಒಂದು ಸೆಂಟಿಮೀಟರ್ ಚೌಕದ ಗಾಜಿನ ಕ್ಯೂವೆಟ್‌ಗೆ (ಸ್ಯಾಂಪಲ್ ಹಾಕುವ ಪುಟ್ಟ ಪಾತ್ರೆ) ಒಂದು ಪಕ್ಕದಿಂದ ಬಿಡುವುದು, ಲಂಬಕೋನದ ಇನ್ನೊಂದು ಪಕ್ಕದಲ್ಲಿ ಬೆಳಕನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಫೋಟೋಡಯೋಡ್ ಕೂರಿಸುವುದು, ಡಯೋಡ್ ಮುಂದೆ 780ರಿಂದ ಆಚೆಗಿನದನ್ನು ಮಾತ್ರ ಒಳಬಿಡುವ ಲಾಂಗ್‌ಪಾಸ್ ಫಿಲ್ಟರ್ ಇಡುವುದು. ಕಷ್ಟವಿರುವುದು ಎಲ್‌ಇಡಿಯಲ್ಲಿ. 735 ಎಂದು ಬರೆದಿದ್ದರೂ ಅದರ ಬೆಳಕಿನ ಬಾಲ 780ರ ಆಚೆಗೂ ಚಾಚಿರುತ್ತದೆ. ಆ ಬಾಲ ಡೀಸೆಲ್‌ನಲ್ಲಿರುವ ಧೂಳಿಗೆ ಬಡಿದು ಚದುರಿ ಡಯೋಡ್ ಸೇರಿದರೆ, ಮಾರ್ಕರ್ ಇಲ್ಲದ ಎಣ್ಣೆಯೂ ಹೊಳೆದಂತೆ ಕಾಣುತ್ತದೆ. ಅದಕ್ಕೆ ಎಲ್‌ಇಡಿ ಮುಂದೆಯೂ ಒಂದು ಫಿಲ್ಟರ್ ಬೇಕು, 750ಕ್ಕೆ ಕತ್ತರಿಸುವಂಥದ್ದು. ಈ ಎರಡು ಫಿಲ್ಟರ್‌ಗಳಿಗೆ ಹಾಕಿದ ದುಡ್ಡು ಇಡೀ ಮೀಟರಿನ ಉಳಿದೆಲ್ಲ ಬಿಡಿಭಾಗಗಳಿಗೆ ಹಾಕಿದ್ದಕ್ಕಿಂತ ಹೆಚ್ಚು. ಇಲ್ಲಿ ಜಿಪುಣತನ ಮಾಡಬೇಡಿ.

ಇನ್ನೊಂದು, ಕಪ್ಪು ಪ್ಲಾಸ್ಟಿಕ್. ಕ್ಯೂವೆಟ್ ಹಿಡಿಯುವ ಗೂಡನ್ನು ತ್ರೀಡಿ ಪ್ರಿಂಟರ್‌ನಲ್ಲಿ ಮಾಡುತ್ತೇವೆ. ಕಣ್ಣಿಗೆ ಇದ್ದಿಲಿನಷ್ಟು ಕಪ್ಪಾಗಿರುವ ಕೆಲವು ಪ್ಲಾಸ್ಟಿಕ್‌ಗಳು ಅವಕೆಂಪು ಬೆಳಕನ್ನು ಗಾಜಿನಂತೆ ಒಳಬಿಡುತ್ತವೆ. ಕಾರ್ಬನ್ ಬ್ಲ್ಯಾಕ್ ಹಾಕಿ ಕಪ್ಪು ಮಾಡಿದ್ದರೆ ತಡೆಯುತ್ತದೆ, ಬೇರೆ ಬಣ್ಣಗಳಿಂದ ಕಪ್ಪು ಮಾಡಿದ್ದರೆ ತಡೆಯುವುದಿಲ್ಲ. ಪರೀಕ್ಷಿಸುವ ವಿಧಾನ ಮನೆಯಲ್ಲೇ ಇದೆ: ಟಿವಿ ರಿಮೋಟ್‌ನ ಮೂತಿಗೆ ಆ ಪ್ಲಾಸ್ಟಿಕ್ ತುಂಡನ್ನು ಅಡ್ಡ ಹಿಡಿದು ಗುಂಡಿ ಒತ್ತಿ, ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಹೆಚ್ಚಿನ ಫೋನ್‌ಗಳ ಸೆಲ್ಫಿ ಕ್ಯಾಮೆರಾಗೆ ರಿಮೋಟ್‌ನ ಬೆಳಕು ಕಾಣುತ್ತದೆ. ಪ್ಲಾಸ್ಟಿಕ್ ಅಡ್ಡವಿದ್ದರೂ ಮಿನುಗು ಕಂಡರೆ ಆ ರೋಲನ್ನು ಪಕ್ಕಕ್ಕಿಡಿ.

ಕ್ವಾರಿ ಎಂದರೆ ಬಿಸಿಲು, ಬಿಸಿಲು ಎಂದರೆ ಅವಕೆಂಪಿನ ಹೊಳೆ. ಮೀಟರಿನ ಮುಚ್ಚಳದ ಸಂದಿಯಲ್ಲಿ ಕೂದಲೆಳೆಯಷ್ಟು ಬಿಸಿಲು ನುಗ್ಗಿದರೂ ನಮ್ಮ ನ್ಯಾನೋಆಂಪಿಯರ್ ಲೆಕ್ಕದ ಸಂಕೇತ ಅದರಲ್ಲಿ ಕೊಚ್ಚಿಹೋಗುತ್ತದೆ. ಅದಕ್ಕಾಗಿ ಎಲ್‌ಇಡಿಯನ್ನು ಸೆಕೆಂಡಿಗೆ ಸಾವಿರ ಸಲ ಆರಿಸಿ ಹೊತ್ತಿಸಿ, ಹೊತ್ತಿದ್ದಾಗಿನ ಓದಿನಿಂದ ಆರಿದ್ದಾಗಿನ ಓದನ್ನು ಕಳೆಯುತ್ತೇನೆ. ಬಿಸಿಲು ಎರಡರಲ್ಲೂ ಒಂದೇ ಇರುವುದರಿಂದ ಕಳೆದುಹೋಗುತ್ತದೆ, ಮಾರ್ಕರಿನ ಹೊಳಪು ಉಳಿಯುತ್ತದೆ. ಒಂದು ಆರ್ಡುಯಿನೋ ಬೋರ್ಡ್ (ಪುಟ್ಟ ಪ್ರೋಗ್ರಾಂ ಓಡಿಸುವ ಅಗ್ಗದ ಸರ್ಕ್ಯೂಟ್), ಒಂದು ಒಳ್ಳೆಯ ಆಂಪ್ಲಿಫೈಯರ್ ಚಿಪ್ ಇದಕ್ಕೆ ಸಾಕು.

ಕ್ವಾರಿಗೆ ಒಯ್ಯುವ ಮೊದಲು ಮಾರ್ಕರ್ ಎಷ್ಟು ಗಟ್ಟಿ ಎಂದು ನೋಡಬೇಕಿತ್ತು. ಶೇಖರಣೆಯ ಪರೀಕ್ಷೆಗೆ ಇಂಧನ ಲ್ಯಾಬ್‌ಗಳಲ್ಲಿ ಎಣ್ಣೆಯನ್ನು 43 ಡಿಗ್ರಿಯಲ್ಲಿ ಇಡುವ ಕ್ರಮವಿದೆ. ಅಲ್ಲಿ ಒಂದು ವಾರ ಇಟ್ಟರೆ ಸಾಧಾರಣ ಶಾಖದಲ್ಲಿ ಒಂದು ತಿಂಗಳು ಇಟ್ಟಂತೆ ಎಂದು ಲೆಕ್ಕ. ಕಂದು ಬಾಟಲಿಯಲ್ಲಿ ಮುಚ್ಚಿಟ್ಟದ್ದು ಹಾಗೇ ನಿಂತಿತು. ಬಿಳಿ ಪ್ಲಾಸ್ಟಿಕ್ ಕ್ಯಾನ್‌ನಲ್ಲಿ ತುಂಬಿ ಬಿಸಿಲಿಗಿಟ್ಟದ್ದು ದಿನದಿಂದ ದಿನಕ್ಕೆ ಮಂಕಾಯಿತು. ಬೆಳಕು ಬಿದ್ದಾಗ ಈ ಬಣ್ಣಗಳು ಸುತ್ತಲಿನ ಆಮ್ಲಜನಕವನ್ನು ಚುರುಕುಗೊಳಿಸುತ್ತವೆ, ಆ ಚುರುಕಾದ ಆಮ್ಲಜನಕ ಬಣ್ಣವನ್ನೇ ತಿನ್ನುತ್ತದೆ. ಕ್ವಾರಿಯಲ್ಲಿ ಡೀಸೆಲ್ ಇರುವುದು ಕಬ್ಬಿಣದ ಟ್ಯಾಂಕ್‌ಗಳಲ್ಲಿ, ಹಾಗಾಗಿ ತೊಂದರೆಯಿಲ್ಲ. ಆದರೆ ಸ್ಯಾಂಪಲ್ ಹಿಡಿಯುವುದು ಕಂದು ಬಾಟಲಿಯಲ್ಲೇ ಆಗಬೇಕು ಎಂದು ಕಡ್ಡಾಯ ಮಾಡಿದೆ. ಮುಲ್ತಾನಿ ಮಿಟ್ಟಿಯಲ್ಲಿ ಸೋಸಿಯೂ ನೋಡಿದೆ, ಓದು ತುಸು ಇಳಿಯಿತು. ಸಕ್ರಿಯ ಇದ್ದಿಲಿನ ಮುಂದೆ ಹೆಚ್ಚೇ ಇಳಿಯಿತು, ಇಂಥ ಚಪ್ಪಟೆ ಅಣುಗಳು ಇದ್ದಿಲಿಗೆ ಅಂಟುತ್ತವೆ. ನಮ್ಮ ವ್ಯವಸ್ಥೆಯಲ್ಲಿ ಅದರಿಂದ ಕಳ್ಳನಿಗೆ ಏನೂ ಸಿಗುವುದಿಲ್ಲವಾದ್ದರಿಂದ ನಾನು ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ.

ಅಳತೆಯ ಗೆರೆ ಹಾಕುವಾಗ ಒಂದು ಶಿಸ್ತು ಬೇಕು. ಪ್ರತಿ ಟ್ಯಾಂಕರ್ ಬಂದಾಗ ಮಾರ್ಕರ್ ಹಾಕುವ ಮೊದಲು ಒಂದು ಲೀಟರ್ ಡೀಸೆಲ್ ತೆಗೆದು ಸೀಲ್ ಮಾಡಿ ಇಡಬೇಕು, ಅದು ಆ ಟ್ಯಾಂಕರಿನ ಸೊನ್ನೆ. ಮಾರ್ಕರ್ ಹಾಕಿದ ಮೇಲೆ ಬೌಸರ್ ನಾಝಲ್‌ನಿಂದ ತೆಗೆದದ್ದು ಅದರ ನೂರು. ಇವೆರಡನ್ನು ಅಳತೆ ಹಾಕಿ ಬೆರೆಸಿ 75, 50, 25 ಮಾಡಿಕೊಂಡು ಓದಿ ನೋಡಿದರೆ ಗೆರೆ ನೆಟ್ಟಗಿದೆಯೇ ಎಂದು ತಿಳಿಯುತ್ತದೆ. ಎಣ್ಣೆಯ ಶಾಖವೂ ಲೆಕ್ಕಕ್ಕೆ ಬರುತ್ತದೆ. ಮಧ್ಯಾಹ್ನ ಹಿಟಾಚಿ ಟ್ಯಾಂಕ್‌ನಿಂದ ತೆಗೆದ ಬಿಸಿ ಡೀಸೆಲ್‌ನ ಓದು, ಅದೇ ಡೀಸೆಲ್ ತಣ್ಣಗಾದ ಮೇಲಿನ ಓದಿಗಿಂತ ಕಡಿಮೆ ಇರುತ್ತದೆ. ಎಲ್ಲ ಸ್ಯಾಂಪಲ್‌ಗಳನ್ನೂ ನೆರಳಲ್ಲಿ ಬಕೆಟ್ ನೀರಿನಲ್ಲಿ ನಿಲ್ಲಿಸಿ ಒಂದೇ ಶಾಖಕ್ಕೆ ತಂದ ಮೇಲೇ ಓದಬೇಕು. ಜಲ್ಲಿ ಧೂಳು ಕ್ಯೂವೆಟ್ ಹೊರಮೈಗೆ ಅಂಟುತ್ತದೆ, ಪ್ರತಿ ಸಲ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಮೀಟರನ್ನು ಎರಡು ಅಂಶದ ಆಚೀಚೆ ನಂಬಬಹುದು ಎಂದು ನನಗೆ ಖಾತ್ರಿಯಾಯಿತು. 95ಕ್ಕಿಂತ ಕೆಳಗೆ ಬಂದರೆ ಮಾತ್ರ ಮಾತಾಡಬೇಕು ಎಂದು ಮಾಲೀಕರಿಗೆ ಹೇಳಿದೆ.

ಯಂತ್ರಗಳ ಟ್ಯಾಂಕ್ ವಿಷಯದಲ್ಲಿ ತಾಳ್ಮೆ ಬೇಕು. ಟ್ಯಾಂಕಿನಲ್ಲಿ ಮಾರ್ಕರ್ ಇಲ್ಲದ ಹಳೆ ಡೀಸೆಲ್ ಕಾಲುಭಾಗ ಉಳಿದಿರುವಾಗ ಹೊಸದನ್ನು ತುಂಬಿದರೆ ಮೊದಲ ಸಲ 75 ಬರುತ್ತದೆ, ಎರಡನೇ ಸಲ 94ರ ಹತ್ತಿರ, ಮೂರನೇ ಸಲ 98 ದಾಟುತ್ತದೆ. ಇದನ್ನು ತಿಳಿಯದೆ ಮೊದಲ ದಿನವೇ ಓದಿ 75 ಎಂದು ಆಪರೇಟರ್ ಮೇಲೆ ಹರಿಹಾಯ್ದರೆ ಅದು ದೊಡ್ಡ ಅನ್ಯಾಯ. ಬಡವರ ಕೆಲಸ ಹೋಗುವ ವಿಷಯ ಇದು. ಹಾಗಾಗಿ ಎಲ್ಲ ಯಂತ್ರಗಳೂ ಮೂರು ನಾಲ್ಕು ಸಲ ತುಂಬಿಸಿಕೊಳ್ಳುವವರೆಗೆ ಯಾವ ಓದನ್ನೂ ನಾನು ಮಾಲೀಕರಿಗೆ ತೋರಿಸಲಿಲ್ಲ.

ತೋರಿಸಿದಾಗ ಚಿತ್ರ ಸ್ಪಷ್ಟವಾಗಿತ್ತು. ಬೌಸರ್ ನಾಝಲ್‌ನಲ್ಲಿ 99, 100. ಕ್ರಷರ್ ಹತ್ತಿರದ ಜನರೇಟರ್, ಮೇಲಿನ ಬೆಂಚ್‌ನ (ಕ್ವಾರಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತ) ಹಿಟಾಚಿಗಳು, ಟಿಪ್ಪರ್‌ಗಳು ಎಲ್ಲ 97ರ ಮೇಲೆ. ಕೆಳಗಿನ ಬೆಂಚ್‌ನ ಯಂತ್ರಗಳು ಮಾತ್ರ 80ರ ಆಸುಪಾಸು. ಅಲ್ಲಿಗೆ ಬೌಸರ್ ಇಳಿಯುವುದಿಲ್ಲ, ದಾರಿ ಕಡಿದು. ಡೀಸೆಲನ್ನು ಬ್ಯಾರೆಲ್‌ಗಳಿಗೆ ತುಂಬಿ, ಟ್ರ್ಯಾಕ್ಟರ್‌ನಲ್ಲಿ ಒಯ್ದು, ಕೈಪಂಪ್‌ನಿಂದ ಯಂತ್ರಗಳಿಗೆ ಹಾಕುತ್ತಿದ್ದರು. ಬ್ಯಾರೆಲ್‌ಗಳಿಂದಲೇ ಸ್ಯಾಂಪಲ್ ತೆಗೆದಾಗ ಹಗಲಿನವು 98, ರಾತ್ರಿ ಶಿಫ್ಟ್‌ನವು 70ರಿಂದ 80. ಆಪರೇಟರ್‌ಗಳ ಮೇಲಿದ್ದ ಅನುಮಾನ ಅಲ್ಲಿಗೆ ಮುಗಿಯಿತು. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಸಮಾಧಾನ.

ಕಡಿಮೆಯಾದ ಇಪ್ಪತ್ತು ಮೂವತ್ತು ಪಾಲಿನ ಜಾಗದಲ್ಲಿ ಏನು ಬಂದಿದೆ ಎಂದು ಮಾರ್ಕರ್ ಹೇಳುವುದಿಲ್ಲ. ಅದಕ್ಕೆ ಮಾನ್ಯತೆ ಪಡೆದ ಲ್ಯಾಬ್‌ಗೆ ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮಾಡಿಸಲು ಕಳಿಸಿದೆವು. ಸೀಮೆಎಣ್ಣೆಯ ಕುದಿಯುವ ವ್ಯಾಪ್ತಿಯಲ್ಲಿರುವ ಸಾಲ್ವೆಂಟ್ ಎಂದು ವರದಿ ಬಂತು. ನನ್ನ ಮೀಟರಿನ ಓದನ್ನು ಮಾತ್ರ ಇಟ್ಟುಕೊಂಡು ಯಾರ ಮೇಲೂ ದೂರು ಕೊಡಬೇಡಿ ಎಂದು ಮಾಲೀಕರಿಗೆ ಮೊದಲೇ ಹೇಳಿದ್ದೆ. ಕೈಮೀಟರ್ ಎಲ್ಲಿ ನೋಡಬೇಕೆಂದು ತೋರಿಸುತ್ತದೆ, ಸಾಕ್ಷ್ಯ ಆಗಬೇಕಾದ್ದು ಲ್ಯಾಬ್ ವರದಿ. ಅವರು ಬ್ಯಾರೆಲ್ ಪದ್ಧತಿಯನ್ನೇ ನಿಲ್ಲಿಸಿ, ಕೆಳಗಿನ ಬೆಂಚ್‌ವರೆಗೆ ಬೌಸರ್ ಇಳಿಯುವಂತೆ ದಾರಿ ಹಾಕಿಸಿದರು. ಆ ಯಂತ್ರಗಳ ಓದು ಕ್ರಮೇಣ ಮೇಲೇರಿತು.

ಈ ಕೆಲಸ ಸುತ್ತಮುತ್ತ ಸುದ್ದಿಯಾದ ಮೇಲೆ ಬೇರೆ ಪದಾರ್ಥಗಳಿಗೂ ಗುರುತು ಹಾಕಿಕೊಡಿ ಎಂದು ಕೆಲವರು ಬಂದರು. ತೊಟ್ಟಿಯಿಂದ ನೀರು ಎಲ್ಲಿ ಸೋರುತ್ತಿದೆ ಎಂದು ಹುಡುಕಲು, ನೀರಿನಲ್ಲಿ ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಬಣ್ಣ ಬಳಸಲು ಹೇಳಿಕೊಟ್ಟೆ. ಅದು ಹಳೆಯ ವಿದ್ಯೆ: ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ನೆಲದಲ್ಲಿ ಇಂಗಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು 1877ರಲ್ಲಿ 10 ಕಿಲೋ ಫ್ಲೋರೆಸೀನ್ ಸುರಿದರು. ಸುಮಾರು ಎರಡೂವರೆ ದಿನದ ಮೇಲೆ ಸುಮಾರು 12 ಕಿಲೋಮೀಟರ್ ದೂರದ ಆಖ್ ಬುಗ್ಗೆಯಲ್ಲಿ ಹಸಿರಾಗಿ ಹೊಳೆಯುವ ನೀರು ಉಕ್ಕಿತು. ಅಡುಗೆ ಎಣ್ಣೆಗೆ ಮಾರ್ಕರ್ ಹಾಕಿಕೊಡಿ ಎಂದವರಿಗೆ ಮಾತ್ರ ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ತಿನ್ನುವ ಪದಾರ್ಥಕ್ಕೆ ನನ್ನ ಬಾಟಲಿಯಿಂದ ಒಂದು ಹನಿಯೂ ಹೋಗುವುದಿಲ್ಲ. ಅಲ್ಲಿ ಪ್ರಕೃತಿಯೇ ಗುರುತು ಇಟ್ಟಿರುವ ಸಂದರ್ಭಗಳಿವೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಬೀಜದ ಎಣ್ಣೆ ಸೇರಿ ಜನ ಸತ್ತರಲ್ಲ, ಆ ವಿಷದಲ್ಲಿರುವ ಸ್ಯಾಂಗ್ವಿನಾರಿನ್ ಯುವಿ ದೀಪದಡಿ ತಾನೇ ಹೊಳೆಯುತ್ತದೆ, ಲ್ಯಾಬ್‌ಗಳು ಅದನ್ನು ಹಿಡಿಯುವುದೂ ಆ ಗುಣದಿಂದ.

ಕ್ವಾರಿಯಲ್ಲಿ ಉಳಿದಿದ್ದ ಒಂದು ಸಂದು ಮಾರ್ಕರ್ ದ್ರಾವಣದ ಕಳ್ಳತನ. ಒಳ್ಳೆಯ ಎಣ್ಣೆಗೆ ಗುರುತು ಹಾಕುವ ವ್ಯವಸ್ಥೆಯಲ್ಲಿ ಗುರುತನ್ನು ತೆಗೆದರೆ ಲಾಭವಿಲ್ಲ, ಆದರೆ ಗುರುತೇ ಕೈಗೆ ಸಿಕ್ಕರೆ ಲಾಭವಿದೆ. ಸಾಲ್ವೆಂಟ್‌ಗೂ ಅಷ್ಟೇ ದ್ರಾವಣ ಹಾಕಿಬಿಟ್ಟರೆ ಓದು 100 ಬರುತ್ತದೆ. ಅದಕ್ಕೆ ಮೊದಲ ನಿಯಮ, ಮಾರ್ಕರ್ ಸುರಿಯುವವರೂ ಡೀಸೆಲ್ ಹಂಚುವವರೂ ಒಬ್ಬರೇ ಆಗಬಾರದು. ಈಗ ಮಾಲೀಕರ ಮಗಳು ಆಫೀಸಿನಿಂದ ಬಂದು ತಾವೇ ಸುರಿಯುತ್ತಾರೆ, ಖಾಲಿ ಬಾಟಲಿ ವಾಪಸ್ ಒಯ್ಯುತ್ತಾರೆ. ಎರಡನೆಯದು, ಎರಡು ಬಣ್ಣ. ನ್ಯಾಫ್ತಲೋಸಯನೀನ್ ಜೊತೆಗೆ ಥಾಲೋಸಯನೀನನ್ನೂ ಸೇರಿಸಿ, ಮೀಟರಿನಲ್ಲಿ ಇನ್ನೊಂದು ಎಲ್‌ಇಡಿ ಮತ್ತು ಫಿಲ್ಟರ್ ಜೋಡಿ ಕೂರಿಸಿದೆ. ಎರಡರ ಪ್ರಮಾಣ ಟ್ಯಾಂಕರಿಂದ ಟ್ಯಾಂಕರಿಗೆ ಬದಲಾಗುತ್ತದೆ. ಹಳೆಯ ದ್ರಾವಣ ಕದ್ದಿಟ್ಟುಕೊಂಡು ಹೊಸ ಟ್ಯಾಂಕರಿಗೆ ಬಳಸಿದರೆ ಒಟ್ಟು ಹೊಳಪು ಸರಿಬಂದರೂ ಅನುಪಾತ ಹೊಂದುವುದಿಲ್ಲ. ಸಸ್ಯತೈಲ ಸೇರಿದರೂ ಈ ಅನುಪಾತ ಕೆಡುತ್ತದೆ. ಪತ್ರಹರಿತ್ತಿನ ಕಾರಣಕ್ಕೆ ನಾನು ಥಾಲೋಸಯನೀನನ್ನು ಪಕ್ಕಕ್ಕಿಟ್ಟಿದ್ದೆ, ಎರಡನೇ ಬಣ್ಣವಾಗಿ ಬಂದಾಗ ಅದೇ ಗುಣ ಕೆಲಸಕ್ಕೆ ಬಂತು. ನಾನು ಎರಡು ಬಣ್ಣಗಳನ್ನೂ ಬೇರೆಬೇರೆ ಬಾಟಲಿಯಲ್ಲಿ ಕೊಡುತ್ತೇನೆ. ಯಾವ ಟ್ಯಾಂಕರಿಗೆ ಯಾವುದು ಎಷ್ಟು ಎಂದು ಬರೆದ ಪಟ್ಟಿ ಅವರ ಆಫೀಸಿನ ಲಾಕರ್‌ನಲ್ಲಿದೆ, ಅದರ ಪ್ರತಿ ನನ್ನ ಬಳಿಯೂ ಇಲ್ಲ.